ಓಟ ಬಿಟ್ಟು ಕೋಚ್ ಆಗಲೇ, ಸರ್?

ಪ್ರಶ್ನೆ: ಸರ್, ನನಗೆ 32 ವರ್ಷ. ಹಾಸನದಿಂದ ದುದ್ದ ಕಡೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ಹಾಸನದ ಒಂದು ಗೋಡೌನಿನಲ್ಲಿ ಸ್ಟೋರ್ ಕೀಪರ್ ಕೆಲಸ. ಬಿ.ಎ. ಓದುವಾಗ ಯೂನಿವರ್ಸಿಟಿ ತಂಡಕ್ಕೆ ಓಡಿದ್ದೆ. 5000 ಮೀಟರ್‌ನಲ್ಲಿ ನನ್ನ ಬೆಸ್ಟ್ 15 ನಿಮಿಷ 48 ಸೆಕೆಂಡ್, 10,000 ಮೀಟರ್‌ನಲ್ಲಿ 33 ನಿಮಿಷ 10 ಸೆಕೆಂಡ್. ಎರಡೂ ಆರು ವರ್ಷ ಹಿಂದಿನವು. ರಾಜ್ಯ ಮಟ್ಟದಲ್ಲಿ ಓಡಿದ್ದೇನೆ, ಪದಕ ಬಂದಿಲ್ಲ. ಎರಡು ವರ್ಷದಿಂದ ನಾನು ಓದಿದ ಹೈಸ್ಕೂಲಿನ ಮೈದಾನದಲ್ಲಿ ಬೆಳಿಗ್ಗೆ 14 ಮಕ್ಕಳಿಗೆ ಓಟ ಹೇಳಿಕೊಡುತ್ತಿದ್ದೇನೆ. ದುಡ್ಡು ತಗೊಳ್ಳುವುದಿಲ್ಲ. ಮೂರು ತಿಂಗಳಿಂದ ಬಲಗಾಲಿನ ಕಣಕಾಲಲ್ಲಿ ನೋವು. ಮೊದಲು ಓಡುವಾಗ ಮಾತ್ರ ಇತ್ತು, ಈಗ ರಾತ್ರಿ ಮಲಗಿದಾಗಲೂ ಇರುತ್ತದೆ. ಮಾತ್ರೆ ತಗೊಂಡು ಓಡುತ್ತಿದ್ದೇನೆ. ಮನೆಯವರು 'ವಯಸ್ಸಾಯ್ತು, ಓಟ ಬಿಡು' ಅಂತಾರೆ. ಸ್ನೇಹಿತರು 'ಕೆಲಸ ಬಿಟ್ಟು ಪೂರ್ತಿ ಕೋಚ್ ಆಗು' ಅಂತಾರೆ. ನಮ್ಮ ಮಾವ 'ಪದಕ ಇಲ್ಲದವನ ಹತ್ತಿರ ಯಾರು ಕಲೀತಾರೆ' ಅಂದರು. ಯಾವ ಕೋರ್ಸ್ ಮಾಡಬೇಕು? ನಮ್ಮದು ಎತ್ತರದ ಜಾಗ, ಕೀನ್ಯಾ ಥರ ಅಂತಾರೆ. ಮಕ್ಕಳನ್ನು ಭಾನುವಾರ ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೋಗಿ ಓಡಿಸಲೇ? 13 ವರ್ಷದ ಒಬ್ಬಳು ಹುಡುಗಿ ತುಂಬ ಚೆನ್ನಾಗಿ ಓಡುತ್ತಿದ್ದಳು. ಎರಡು ತಿಂಗಳಿಂದ ಬೇಗ ಸುಸ್ತಾಗುತ್ತಾಳೆ. ಅವಳಿಗೆ ಪ್ರಾಕ್ಟೀಸ್ ಜಾಸ್ತಿ ಮಾಡಿಸಬೇಕಾ? ಕೊನೆಗೆ ಒಂದು ಮಾತು, ಹೇಳೋಕೆ ನಾಚಿಕೆ. ಹೋದ ತಿಂಗಳು 3000 ಮೀಟರ್ ಟ್ರಯಲ್‌ನಲ್ಲಿ 17 ವರ್ಷದ ಹುಡುಗ ನನ್ನನ್ನು ಹಿಂದೆ ಹಾಕಿದ. ನನಗೆ ಖುಷಿ ಆಗಬೇಕಿತ್ತು, ಆಗಲಿಲ್ಲ. ಅವತ್ತಿನಿಂದ ನೋವಿದ್ದರೂ ಅವನಿಗಿಂತ ಮುಂದೆ ಓಡೋಕೆ ನೋಡುತ್ತಿದ್ದೇನೆ.

ಉತ್ತರ: ನೀವು ಕೇಳಿರುವುದು ಕೋರ್ಸ್, ಕೆಲಸ, ವಯಸ್ಸು, ಪದಕ. ಆದರೆ ನಿಮ್ಮ ಪತ್ರ ಓದಿದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಎರಡೇ ಸಾಲು. ರಾತ್ರಿ ಮಲಗಿದಾಗಲೂ ನೋವು ಅನ್ನುವುದು ಒಂದು. ನೋವಿದ್ದರೂ ಆ ಹುಡುಗನ ಮುಂದೆ ಓಡೋಕೆ ನೋಡುತ್ತಿದ್ದೇನೆ ಅನ್ನುವುದು ಇನ್ನೊಂದು. ಇವೆರಡೂ ಬೇರೆ ಬೇರೆ ಅಲ್ಲ. ಕಾಲಿಗೆ ಏಟಾಗಿದೆ, ಅದಕ್ಕೆ ರೆಸ್ಟ್ ಕೊಡದೆ ಇರುವುದಕ್ಕೆ ಕಾರಣ ಆ ಟ್ರಯಲ್.

ಮೊದಲು ಕಾಲಿನ ವಿಷಯ, ಯಾಕೆಂದರೆ ಅದಕ್ಕೆ ಕಾಯುವ ಟೈಮ್ ಇಲ್ಲ.

ನಮ್ಮ ಮೈದಾನಗಳಲ್ಲಿ ಕಣಕಾಲಿನ ನೋವಿಗೆಲ್ಲ ಒಂದೇ ಹೆಸರು, ಶಿನ್ ಪೇನ್. 'ಓಡ್ತಾ ಓಡ್ತಾ ಹೋಗುತ್ತೆ' ಅನ್ನುವುದು ಅದಕ್ಕೆ ಎಲ್ಲರೂ ಹೇಳುವ ಔಷಧಿ. ಆದರೆ ಆ ಒಂದೇ ಹೆಸರಿನ ಒಳಗೆ ಎರಡು ಬೇರೆ ತೊಂದರೆಗಳಿವೆ. ಒಂದರಲ್ಲಿ ಕಣಕಾಲಿನ ಒಳಬದಿಯ ಅಂಚಿನಲ್ಲಿ, ನಾಲ್ಕೈದು ಬೆರಳಿನಷ್ಟು ಉದ್ದಕ್ಕೆ ನೋವು ಹರಡಿಕೊಂಡಿರುತ್ತದೆ. ಓಡೋಕೆ ಶುರು ಮಾಡಿದಾಗ ನೋಯುತ್ತದೆ, ಮೈ ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ. ಓಟ ಕಡಿಮೆ ಮಾಡಿ, ಮೀನಖಂಡಕ್ಕೆ ಶಕ್ತಿ ಬರುವ ವ್ಯಾಯಾಮ ಮಾಡಿದರೆ ಇದು ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಇನ್ನೊಂದು ಮೂಳೆಯಲ್ಲೇ ಬೀಳುವ ಕೂದಲೆಳೆ ಬಿರುಕು, ಸ್ಟ್ರೆಸ್ ಫ್ರ್ಯಾಕ್ಚರ್. ಅದರ ನೋವು ಒಂದು ಬೆರಳಿಟ್ಟು 'ಇಲ್ಲೇ' ಎಂದು ತೋರಿಸುವಂತೆ ಇರುತ್ತದೆ. ಓಡಿದಷ್ಟೂ ಜಾಸ್ತಿಯಾಗುತ್ತದೆ. ಆಮೇಲೆ ನಡೆಯುವಾಗ ಬರುತ್ತದೆ, ಆಮೇಲೆ ಮಲಗಿದಾಗಲೂ ಬರುತ್ತದೆ.

ನಿಮ್ಮದು ಯಾವುದು ಅಂತ ಪತ್ರ ಓದಿ ನಾನು ಹೇಳುವ ಹಾಗಿಲ್ಲ. ನಾನು ಕೋಚ್, ಡಾಕ್ಟರ್ ಅಲ್ಲ. ಆದರೆ ಮೂರು ತಿಂಗಳ ನೋವು ರಾತ್ರಿಗೂ ಬಂದಿದೆ ಅಂದರೆ ಬಿರುಕು ಇದೆ ಎಂದೇ ತಿಳಿದು ನಡೆದುಕೊಳ್ಳಬೇಕು. ಇವತ್ತಿನಿಂದ ಓಟ ನಿಲ್ಲಿಸಿ. ಮಾತ್ರೆ ತಗೊಂಡು ಓಡುವುದನ್ನಂತೂ ಮಾಡಲೇಬೇಡಿ. ಮಾತ್ರೆ ನೋವನ್ನು ಮುಚ್ಚುತ್ತದೆ, ಬಿರುಕನ್ನು ಮುಚ್ಚುವುದಿಲ್ಲ. ಮೂಳೆ ಡಾಕ್ಟರಿಗೆ ತೋರಿಸಿ. ಒಂದು ವಿಷಯ ಗೊತ್ತಿರಲಿ: ಶುರುವಿನ ಎರಡು ಮೂರು ವಾರ ಇಂಥ ಬಿರುಕು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ, ಕೆಲವರಿಗೆ ಆಮೇಲೂ ಕಾಣುವುದಿಲ್ಲ. 'ಎಕ್ಸ್‌ರೇ ನಾರ್ಮಲ್' ಅಂದ ತಕ್ಷಣ ಶೂ ಕಟ್ಟಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೋವು ಹಾಗೇ ಇದ್ದರೆ ಎಂಆರ್‌ಐ ಬೇಕಾ ಅಂತ ಡಾಕ್ಟರನ್ನೇ ಕೇಳಿ. ಬಿರುಕು ಅಂತಾದರೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಓಟವಿಲ್ಲ. ಮೂಳೆಯ ಮುಂಭಾಗದ ಅಂಚಿನಲ್ಲಿ ಬಿದ್ದಿದ್ದರೆ ಇನ್ನೂ ಜಾಸ್ತಿ, ಅದು ತುಂಬ ನಿಧಾನ ಕೂಡುವ ಜಾಗ. ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿಸುವುದು, ನಾಟಿ ಪಟ್ಟಿ ಕಟ್ಟಿಸಿಕೊಂಡು ಮತ್ತೆ ಓಡುವುದು ಎರಡೂ ಬೇಡ.

ಇನ್ನು ವಯಸ್ಸು. 32ಕ್ಕೆ ದೂರದ ಓಟ ಮುಗಿಯಿತು ಅನ್ನುವುದು ಸುಳ್ಳು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಗೆದ್ದ ಪೋರ್ಚುಗಲ್‌ನ ಕಾರ್ಲೋಸ್ ಲೋಪೆಸ್‌ಗೆ ಆಗ 37. 2008ರಲ್ಲಿ ಬೀಜಿಂಗ್‌ನಲ್ಲಿ ಹೆಂಗಸರ ಮ್ಯಾರಥಾನ್ ಗೆದ್ದ ರೊಮೇನಿಯಾದ ಕಾನ್‌ಸ್ಟಂಟಿನಾ ಡಿಟಾಗೆ 38. ಕೀನ್ಯಾದ ಎಲಿಯುಡ್ ಕಿಪ್ಚೋಗೆ 2022ರಲ್ಲಿ ಬರ್ಲಿನ್‌ನಲ್ಲಿ 2 ಗಂಟೆ 1 ನಿಮಿಷ 9 ಸೆಕೆಂಡಿಗೆ ಮ್ಯಾರಥಾನ್ ಮುಗಿಸಿದಾಗ ಅವರಿಗೆ 37. ವಯಸ್ಸಾದಂತೆ ಮೊದಲು ಹೋಗುವುದು ವೇಗದ ತುದಿ. ದಮ್ಮು ಅಷ್ಟು ಬೇಗ ಹೋಗುವುದಿಲ್ಲ. 5000ದಲ್ಲಿ ನಿಮ್ಮ 15:48 ಮತ್ತೆ ಬರದೇ ಇರಬಹುದು. ಆದರೆ ಕಾಲು ಸರಿಯಾದರೆ ಹಾಫ್ ಮ್ಯಾರಥಾನ್‌ನಲ್ಲಿ ಇನ್ನೂ ನಿಮ್ಮ ಒಳ್ಳೆಯ ಓಟ ಬಾಕಿ ಇರಬಹುದು. ಹಾಗಂತ ನಾನು ಆಸೆ ಹುಟ್ಟಿಸುತ್ತಿಲ್ಲ. ದಿನವಿಡೀ ಗೋಡೌನಿನಲ್ಲಿ ಕೆಲಸ ಮಾಡಿ, ಬೆಳಿಗ್ಗೆ ಮಕ್ಕಳಿಗೆ ಕಲಿಸಿ, ಮೇಲೆ ನಿಮ್ಮ ಟ್ರೇನಿಂಗ್ ಅಂದರೆ ಮೈಗೆ ಸುಧಾರಿಸಿಕೊಳ್ಳುವ ಹೊತ್ತೆಲ್ಲಿ? ನಿಮ್ಮ ಓಟದ ವೇಗ ಇಳಿದಿದ್ದರೆ ಅದಕ್ಕೆ ವಯಸ್ಸಿಗಿಂತ ನಿದ್ದೆ ಕಡಿಮೆಯಾದದ್ದೇ ದೊಡ್ಡ ಕಾರಣ ಅಂತ ನನ್ನ ಅನುಭವ ಹೇಳುತ್ತದೆ.

ನಿಮ್ಮ ಮಾವನವರ ಮಾತಿಗೆ ಬರುತ್ತೇನೆ. ಪಿ.ಟಿ. ಉಷಾ ಅವರನ್ನು ತಯಾರು ಮಾಡಿದ ಓ.ಎಂ. ನಂಬಿಯಾರ್ ವಾಯುಪಡೆಯಲ್ಲಿದ್ದವರು, ತಾವೂ ಅಥ್ಲೀಟ್ ಆಗಿದ್ದವರು. ಭಾರತದ ಪರ ಆಡುವ ಅವಕಾಶ ಅವರಿಗೆ ಸಿಗಲಿಲ್ಲ. ಪಟಿಯಾಲಾದಲ್ಲಿ ಕೋಚಿಂಗ್ ಕಲಿತರು. 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದಾಗ ಮೊದಲ ವರ್ಷವೇ ಅವರಿಗೆ ಬಂತು. ನ್ಯೂಜಿಲೆಂಡ್‌ನ ಆರ್ಥರ್ ಲಿಡಿಯರ್ಡ್ ಶೂ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಮ್ಯಾರಥಾನ್ ಓಟಗಾರ. ಸುತ್ತಮುತ್ತಲಿನ ಹುಡುಗರನ್ನೇ ಕಟ್ಟಿಕೊಂಡು ತಯಾರು ಮಾಡಿದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರ್, ಮರ್ರಿ ಹಾಲ್‌ಬರ್ಗ್ 5000 ಮೀಟರ್ ಗೆದ್ದರು, ಅದೂ ಒಂದೇ ದಿನ. ಕೀನ್ಯಾದ ಇಟೆನ್‌ನಲ್ಲಿ 800 ಮೀಟರ್ ಓಟದ ಚಾಂಪಿಯನ್ ಡೇವಿಡ್ ರುಡಿಶಾ ಅವರಿಗೆ ಕಲಿಸಿದ ಬ್ರದರ್ ಕಾಲ್ಮ್ ಓ'ಕಾನಲ್ ಐರ್ಲೆಂಡ್‌ನಿಂದ ಬಂದ ಭೂಗೋಳದ ಮೇಷ್ಟ್ರು. ಅವರು ಓಟಗಾರರೇ ಅಲ್ಲ.

ಇದರ ಇನ್ನೊಂದು ಮುಖವೂ ಇದೆ. ಕಿಪ್ಚೋಗೆ ಅವರ ಕೋಚ್ ಪ್ಯಾಟ್ರಿಕ್ ಸಾಂಗ್ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ಸ್ಟೀಪಲ್‌ಚೇಸ್‌ನಲ್ಲಿ, ಅಂದರೆ ಅಡ್ಡಗಟ್ಟೆ, ನೀರಿನ ಹೊಂಡ ಹಾರುತ್ತಾ ಓಡುವ ಓಟದಲ್ಲಿ, ಬೆಳ್ಳಿ ಗೆದ್ದವರು. ದೊಡ್ಡ ಓಟಗಾರ, ದೊಡ್ಡ ಕೋಚ್. ಅಮೆರಿಕದ ಅಲ್ಬರ್ಟೊ ಸಲಜಾರ್ 1980ರಿಂದ ಮೂರು ವರ್ಷ ಸಾಲಾಗಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದವರು. ಕೋಚ್ ಆಗಿಯೂ ಹೆಸರು ಮಾಡಿದರು. 2019ರಲ್ಲಿ ಡೋಪಿಂಗ್ ನಿಯಮ ಮುರಿದದ್ದಕ್ಕೆ ನಾಲ್ಕು ವರ್ಷ ನಿಷೇಧ ಬಿತ್ತು. ಪದಕ ಇದ್ದರೆ ಮೊದಲ ದಿನ ಮಕ್ಕಳ ಅಪ್ಪ ಅಮ್ಮ ನಂಬುತ್ತಾರೆ, ಅಷ್ಟೇ ಅದರ ಉಪಯೋಗ. ಎರಡನೇ ವರ್ಷ ಅವರು ನೋಡುವುದು ತಮ್ಮ ಮಗು ಕುಂಟುತ್ತಿದೆಯಾ, ಖುಷಿಯಾಗಿದೆಯಾ ಅಂತ.

ಪದಕವಿಲ್ಲ ಅನ್ನುವುದು ನಿಮ್ಮ ತೊಂದರೆ ಅಲ್ಲ. ನೀವು ಓಟಗಾರ ಆಗಿರುವುದೇ ತೊಂದರೆ ಆಗಬಹುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಮಾಡಿದ ತಪ್ಪೂ ಇದೇ.

ನಾನೂ 5000, 10,000 ಓಡಿದವನು. ಚಿಕ್ಕಮಗಳೂರಿನಲ್ಲಿ ಕೋಚಿಂಗ್ ಶುರು ಮಾಡಿ ಎರಡನೇ ವರ್ಷ. ಮಲ್ಲಂದೂರು ಕಡೆಯ ಒಂದು ಎಸ್ಟೇಟಿನ ಕೆಲಸಗಾರರ ಲೈನ್ ಮನೆಯಿಂದ 16 ವರ್ಷದ ಹುಡುಗ ಬರುತ್ತಿದ್ದ. ಅಂಥ ಹಗುರ ಓಟ ನಾನು ಆಮೇಲೆ ಹೆಚ್ಚು ನೋಡಿಲ್ಲ. ಅವನಿಗೆ ನಾನು ಕೊಟ್ಟದ್ದು ನನ್ನದೇ ಹಳೇ ಡೈರಿಯ ಶೆಡ್ಯೂಲ್. ನಾನು 24 ವರ್ಷದವನಿದ್ದಾಗ ಮಾಡಿದ್ದು, ವಾರಕ್ಕೆ ನೂರು ಕಿಲೋಮೀಟರ್. ಕಾಫಿ ಕುಯ್ಲಿನ ದಿನಗಳಲ್ಲಿ ಅವನು ಓಡಿ ಹೋಗಿ ಅಮ್ಮನ ಜೊತೆ ಹಣ್ಣು ಕೊಯ್ಯುತ್ತಿದ್ದ, ಮೂಟೆ ಹೊರುತ್ತಿದ್ದ. ನಾನು ಅದನ್ನು ಕೇಳಲೇ ಇಲ್ಲ. ಒಂದು ದಿನ 'ಸರ್, ಕಾಲು ನೋಯ್ತದೆ' ಅಂದ. 'ಅದೆಲ್ಲ ಇರುತ್ತೆ, ಓಡು' ಅಂದೆ. ನನಗೂ ಹಾಗೇ ಹೇಳಿದ್ದರು, ನಾನು ಓಡಿದ್ದೆ, ನನಗೆ ಏನೂ ಆಗಿರಲಿಲ್ಲ. ಅವನಿಗೆ ಆಯಿತು. ವಿಭಾಗ ಮಟ್ಟದ ಕೂಟದಲ್ಲಿ ಏಳನೇ ಸುತ್ತಿಗೆ ಟ್ರ್ಯಾಕ್ ಪಕ್ಕ ಕೂತುಬಿಟ್ಟ. ಕಣಕಾಲಿನ ಮೂಳೆ ಬಿರುಕು ಬಿಟ್ಟಿತ್ತು. ಒಂಬತ್ತು ತಿಂಗಳು ಓಡಲಿಲ್ಲ. ಆಮೇಲೆ ಕೆಲಸಕ್ಕೆ ಬೆಂಗಳೂರಿಗೆ ಹೋದ. ಅವನ ಅಮ್ಮ ಸಂತೆಯಲ್ಲಿ ಸಿಕ್ಕಾಗ ಈಗಲೂ ನನ್ನನ್ನು ಚೆನ್ನಾಗಿಯೇ ಮಾತಾಡಿಸುತ್ತಾರೆ. ನನಗೆ ಅವರ ಮುಖ ನೋಡೋದು ಕಷ್ಟ.

ಅವನ ಕಾಲಲ್ಲಿ ನಾನು ಓಡುತ್ತಿದ್ದೆ. ಓಟ ಬಿಟ್ಟು ಹೊಸದಾಗಿ ಕೋಚ್ ಆದವರಲ್ಲಿ ತುಂಬ ಜನ ಇದನ್ನೇ ಮಾಡುತ್ತಾರೆ. ನಮಗೆ ಗೊತ್ತಿರುವುದು ಒಂದೇ ಮೈ, ನಮ್ಮದು. ಅದು ತಡೆದುಕೊಂಡದ್ದನ್ನೆಲ್ಲ ಬೇರೆಯವರ ಮೈಯೂ ತಡೆದುಕೊಳ್ಳುತ್ತದೆ ಅಂದುಕೊಳ್ಳುತ್ತೇವೆ. ಆ ಕಾಲದಲ್ಲಿ ನಮ್ಮ ಜೊತೆಯೇ ಓಡುತ್ತಿದ್ದು, ಪೆಟ್ಟು ತಿಂದು ಬಿಟ್ಟುಹೋದ ಹತ್ತು ಜನ ನಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ.

ನಿಮ್ಮ ಹೊಟ್ಟೆಕಿಚ್ಚಿನ ಬಗ್ಗೆ ನಾಚಿಕೆ ಪಡಬೇಡಿ. ನನಗೂ ಆಗಿತ್ತು. ನಾಲ್ಕೈದು ವರ್ಷ ನಾನು ಮಕ್ಕಳ ಜೊತೆ ಓಡುವ ಪ್ರತಿ ಇಂಟರ್‌ವಲ್‌ನಲ್ಲೂ (ಜೋರಾಗಿ ಓಡಿ, ನಡುವೆ ಸುಧಾರಿಸಿಕೊಂಡು, ಮತ್ತೆ ಜೋರಾಗಿ ಓಡುವ ಪ್ರಾಕ್ಟೀಸ್) ಮುಂದೆ ಇರಬೇಕಿತ್ತು. ಹದಿನೈದು ವರ್ಷ ದಿನಾ ಬೆಳಿಗ್ಗೆ ಮುಂದೆ ಹೋಗಬೇಕು ಅಂತಲೇ ಎದ್ದವರಿಗೆ, ಕೊರಳಿಗೆ ವಿಸಲ್ ಹಾಕಿಕೊಂಡ ಮಾತ್ರಕ್ಕೆ ಅದು ಹೋಗುವುದಿಲ್ಲ. ಆದರೆ ಅದನ್ನು ಮಕ್ಕಳ ಪ್ರಾಕ್ಟೀಸಿನ ಒಳಗೆ ತರಬಾರದು. ಆ ಹುಡುಗನೂ ಅದನ್ನು ಗಮನಿಸಿರುತ್ತಾನೆ. ಮೇಷ್ಟ್ರನ್ನು ಹಿಂದೆ ಹಾಕಬಾರದು ಅಂತ ವೇಗ ತಡೆದು ಓಡುವ ಹುಡುಗರನ್ನು ನಾನು ಕಂಡಿದ್ದೇನೆ. ಹಿಂದೆ ಹಾಕಲೇಬೇಕು ಅಂತ ಪ್ರತಿ ದಿನ ರೇಸ್ ಓಡಿ ಕೆಟ್ಟವರನ್ನೂ ಕಂಡಿದ್ದೇನೆ.

ನನಗೆ ಇದಕ್ಕೆ ದಾರಿ ಸಿಕ್ಕಿದ್ದು ಮಂಡಿ ನೋವಿನಿಂದ ಎರಡು ತಿಂಗಳು ಓಡಲಾಗದೆ ಸುಮ್ನೆ ಮೈದಾನದ ಮಧ್ಯೆ ನಿಂತಾಗ. ಮುಂದೆ ಓಡುವವನಿಗೆ ಹಿಂದಿನವರ ಕಾಲು ಕಾಣುವುದಿಲ್ಲ ಅಲ್ವಾ? ನಿಂತಾಗ ಕಂಡಿತು. ಒಬ್ಬಳು ಹುಡುಗಿ ಎಡ ತಿರುವಿನಲ್ಲಿ ಮಾತ್ರ ಭುಜ ಏರಿಸುತ್ತಿದ್ದಳು. ಒಬ್ಬನ ಹೆಜ್ಜೆ ಸದ್ದು ಒಂದು ಕಾಲಿಗೆ ಜೋರು, ಇನ್ನೊಂದಕ್ಕೆ ಮೆಲ್ಲಗೆ. ಕೇಳಿದರೆ ಹಿಮ್ಮಡಿ ನೋವು ಮುಚ್ಚಿಟ್ಟಿದ್ದ. ಎಲ್ಲರಿಗಿಂತ ಹಿಂದೆ ಓಡುತ್ತಿದ್ದವನ ಉಸಿರು ಎಲ್ಲರಿಗಿಂತ ನಿಧಾನವಾಗಿತ್ತು. ಅವನಿಗೆ ಓಡುವ ಶಕ್ತಿ ಇತ್ತು, ಧೈರ್ಯ ಇರಲಿಲ್ಲ. ಯಾರು ಸ್ಟಾರ್ಟ್ ಲೈನಿನಲ್ಲಿ ಮಾತಾಡುತ್ತಾರೆ, ಯಾರು ಸುಮ್ಮನಾಗುತ್ತಾರೆ, ಯಾರು ಮನೆಯಿಂದ ಏನೂ ತಿನ್ನದೆ ಬಂದಿದ್ದಾರೆ, ಇದೆಲ್ಲ ಎರಡು ವರ್ಷ ಅವರ ಜೊತೆ ಓಡಿದರೂ ನನಗೆ ಗೊತ್ತಾಗಿರಲಿಲ್ಲ. ನಾನು ಕೋಚ್ ಆದದ್ದು ಆ ಎರಡು ತಿಂಗಳಲ್ಲಿ ಅಂತ ಈಗಲೂ ಅಂದುಕೊಳ್ಳುತ್ತೇನೆ.

ಕಾಲಿನ ದೆಸೆಯಿಂದ ನಿಮಗೂ ಈಗ ಅಂಥ ಎರಡು ತಿಂಗಳು ಸಿಕ್ಕಿವೆ. ಸ್ಟಾಪ್‌ವಾಚ್ ಹಿಡಿದು ನಿಲ್ಲಿ. 200 ಮೀಟರ್ ಗುರುತಿನ ಹತ್ತಿರ ನಿಂತರೆ ತಿರುವು ಮುಗಿಸಿ ಬರುವವರು ಎದುರಿಗೇ ಕಾಣುತ್ತಾರೆ. ಪ್ರತಿ ಮಗುವಿಗೂ ಒಂದು ನೋಟ್‌ಬುಕ್ ಇಡಿ. ಟೈಮಿಂಗ್ ಜೊತೆಗೆ ನಿದ್ದೆ, ನೋವು, ಮನೆಯ ಕೆಲಸ ಬರೆಯಿರಿ. ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. ಎತ್ತರ ಸರಸರ ಏರುತ್ತಿದ್ದರೆ ಆ ತಿಂಗಳುಗಳಲ್ಲಿ ಓಟ ಕಡಿಮೆ ಮಾಡಿ. ಮೂಳೆ ಬೆಳೆಯುವ ತುದಿಗಳು ಆಗ ಮೆತ್ತಗಿರುತ್ತವೆ, ಮಂಡಿ ಕೆಳಗೆ ಮತ್ತು ಹಿಮ್ಮಡಿಯಲ್ಲಿ ನೋವು ಬರುವುದು ಆಗಲೇ. ಕಾಲು ವಾಸಿಯಾದ ಮೇಲೆ ನಿಮ್ಮ ಓಟವನ್ನು ಸಾಯಂಕಾಲ, ಬೇರೆ ಜಾಗದಲ್ಲಿ, ಒಬ್ಬರೇ ಅಥವಾ ನಿಮ್ಮ ವಯಸ್ಸಿನವರ ಜೊತೆ ಇಟ್ಟುಕೊಳ್ಳಿ.

ಆ 17ರ ಹುಡುಗನ ಬಗ್ಗೆ ಒಂದು ಮಾತು. ವಾರಕ್ಕೆ ಐದು ದಿನ, ಒಟ್ಟು 45–50 ಕಿಲೋಮೀಟರ್ ಅವನಿಗೆ ಈಗ ಸಾಕು. ಅದರಲ್ಲಿ ಬಹುಪಾಲು ಪಕ್ಕದವನ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನ ಇರಬೇಕು. ವೇಗದ ಕೆಲಸ ವಾರಕ್ಕೆ ಎರಡು ದಿನ. ನಮ್ಮ ಹುಡುಗರು ಎಲ್ಲ ದಿನವೂ ಅರ್ಧಂಬರ್ಧ ಜೋರಾಗಿ ಓಡುತ್ತಾರೆ. ನಿಧಾನದ ದಿನ ನಿಧಾನವಿಲ್ಲ, ಜೋರಿನ ದಿನ ಜೋರಿಲ್ಲ. ಪದೇ ಪದೇ ಟ್ರಯಲ್ ಇಡಬೇಡಿ. 12–14ರ ಮಕ್ಕಳಿಗೆ ವಾರಕ್ಕೆ ಮೂರು ನಾಲ್ಕು ದಿನ, ರಿಲೇ, ಹಗ್ಗದಾಟ, ಸಣ್ಣ ದಿಬ್ಬದ ಓಟ, ಆಟ. ಬಹುಮಾನದ ದುಡ್ಡಿಗೆ ಅವರನ್ನು 10 ಕಿಲೋಮೀಟರ್ ರೋಡ್ ರೇಸಿಗೆ ಇಳಿಸಬೇಡಿ.

ಮುಳ್ಳಯ್ಯನಗಿರಿಯ ವಿಚಾರ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರ. ಕೀನ್ಯಾದ ಇಟೆನ್ 2,400 ಮೀಟರ್. ನಮ್ಮ ದೇಶದ ದೂರದ ಓಟಗಾರರ ಕ್ಯಾಂಪ್ ಊಟಿಯಲ್ಲಿ ನಡೆದದ್ದಿದೆ, ಅದು 2,200 ದಾಟುತ್ತದೆ. ತೆಳು ಗಾಳಿಗೆ ಒಗ್ಗಿಕೊಂಡು ಮೈಯಲ್ಲಿ ಕೆಂಪು ರಕ್ತಕಣ ಜಾಸ್ತಿಯಾಗಬೇಕಾದರೆ ಅಷ್ಟು ಎತ್ತರದಲ್ಲಿ ವಾರಗಟ್ಟಲೆ ಇದ್ದು, ಉಂಡು, ಮಲಗಬೇಕು. ಮುಳ್ಳಯ್ಯನಗಿರಿ 1,900 ಮೀಟರ್ ದಾಟುತ್ತದೆ ನಿಜ, ಆದರೆ ಒಂದು ಭಾನುವಾರ ಹೋಗಿಬಂದರೆ ರಕ್ತದಲ್ಲಿ ಏನೂ ಬದಲಾಗುವುದಿಲ್ಲ. ಇಳಿಜಾರಿನಲ್ಲಿ ಓಡಿ ತೊಡೆ, ಮಂಡಿ ನೋಯುತ್ತವೆ. ಕೈಮರ ಚೆಕ್‌ಪೋಸ್ಟ್ ದಾಟಿದ ಮೇಲೆ ಭಾನುವಾರ ಬರುವ ಪ್ರವಾಸಿಗಳ ಕಾರು, ಬೈಕು, ಕಿರಿದಾದ ತಿರುವು, ಮಳೆಗಾಲದಲ್ಲಿ ಮಂಜು. ಮಕ್ಕಳನ್ನು ಅಲ್ಲಿ ಓಡಿಸಲು ನಾನು ಒಪ್ಪುವುದಿಲ್ಲ. ಬೆಟ್ಟ ತೋರಿಸಲು ಕರೆದುಕೊಂಡು ಬನ್ನಿ, ನಡೆದು ಹತ್ತಲಿ, ಬುತ್ತಿ ತಿನ್ನಲಿ. ನಮ್ಮ ಊರುಗಳಿಂದ ಓಟಗಾರರಿಗೆ ಸಿಗುವ ನಿಜವಾದ ಲಾಭ ಬೆಳಗಿನ ತಂಪು, ಮೆತ್ತನೆ ಮಣ್ಣಿನ ದಾರಿ, ಊರಾಚೆಯ ಸಣ್ಣ ದಿಬ್ಬಗಳು. ನಿಮ್ಮ ಹಳ್ಳಿಯ ಪಕ್ಕ 80–100 ಮೀಟರ್ ಉದ್ದದ ಒಂದು ಏರು ಇದ್ದೇ ಇರುತ್ತದೆ. ಅದೇ ಸಾಕು.

ಈಗ ನಿಮ್ಮ ಮುಂದಿರುವ ದಾರಿಗಳು. ಕೆಲಸ ಬಿಟ್ಟು ಪೂರ್ತಿ ಕೋಚ್ ಆಗುವುದನ್ನು ನಾನು ಈಗ ಬೇಡ ಅನ್ನುತ್ತೇನೆ. ಹೊಟ್ಟೆಪಾಡಿನ ಒತ್ತಡ ಬಂದಾಗ ಕೋಚ್‌ಗೆ ಬೇಗ ಫಲ ಬೇಕಾಗುತ್ತದೆ. ಬೇಗ ಫಲ ಬೇಕಾದಾಗ 13ರ ಮಕ್ಕಳಿಗೆ 18ರ ಟ್ರೇನಿಂಗ್ ಕೊಡುತ್ತೇವೆ. ಹುಟ್ಟಿದ ದಿನಾಂಕ ತಿದ್ದಿಸುವುದು, ಯಾರೋ ಕೊಟ್ಟ ಪುಡಿ, ಇಂಜೆಕ್ಷನ್ ಎಲ್ಲ ಮೈದಾನಕ್ಕೆ ಬರುವುದೂ ಆ ಒತ್ತಡದಲ್ಲೇ. ಡೋಪಿಂಗ್ ನಿಯಮದಲ್ಲಿ ಸಿಕ್ಕಿಬೀಳುವುದು ಓಟಗಾರ ಮಾತ್ರ ಅಲ್ಲ, ಕೋಚ್ ಕೂಡ. ಸಂಬಳ ಬರುತ್ತಿದ್ದರೆ ನೀವು ಕಾಯಬಲ್ಲಿರಿ, ಮತ್ತು ಈ ಕೆಲಸದಲ್ಲಿ ಕಾಯುವುದೇ ಮುಕ್ಕಾಲು ಪಾಲು.

ಸ್ವಲ್ಪ ಆದಾಯ ಬೇಕಾದರೆ ಒಂದು ದಾರಿಯಿದೆ. ಹಾಸನದ ಸುತ್ತ ಪೊಲೀಸ್, ಸೇನೆಯ ನೇಮಕಾತಿಗೆ ತಯಾರಾಗುವ ಹುಡುಗರು ತುಂಬ ಇದ್ದಾರೆ. ಅವರಿಗೆ ಬೇಕಾದದ್ದು 1600 ಮೀಟರ್ ಓಟ. ಅವರು 18 ದಾಟಿದವರು, ಗುರಿ ಸ್ಪಷ್ಟ. ಅವರಿಂದ ತಿಂಗಳ ಫೀಸ್ ತಗೊಳ್ಳುವುದರಲ್ಲಿ ತಪ್ಪೇನೂ ಇಲ್ಲ. 'ಪಾಸ್ ಮಾಡಿಸುತ್ತೇನೆ' ಎಂದು ಮಾತ್ರ ಹೇಳಬೇಡಿ. ಹೈಸ್ಕೂಲ್ ಮಕ್ಕಳ ಗುಂಪನ್ನು ಇದರಿಂದ ಬೇರೆಯಾಗಿಯೇ ಇಡಿ.

ಕೋರ್ಸಿನ ವಿಷಯ. ಪಟಿಯಾಲಾದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ನಾವೆಲ್ಲ ಎನ್‌ಐಎಸ್ ಅನ್ನುವುದು, 1961ರಿಂದ ಇದೆ. ಅಲ್ಲಿ ಕೋಚಿಂಗ್ ಡಿಪ್ಲೊಮಾ ಇದೆ, ಆರು ವಾರಗಳ ಸರ್ಟಿಫಿಕೇಟ್ ಕೋರ್ಸೂ ಇದೆ. ನಿಮಗೆ ಮೊದಲು ಆರು ವಾರದ್ದು ಸರಿ. ರಜೆ ಹಾಕಿ ಮುಗಿಸಬಹುದು. ಮೈ ಹೇಗೆ ಕೆಲಸ ಮಾಡುತ್ತದೆ, ವರ್ಷದ ಯೋಜನೆ ಹೇಗೆ ಹಾಕಬೇಕು ಅನ್ನುವುದರ ಬುಡ ಸಿಗುತ್ತದೆ. ಅದರಿಂದ ಸರ್ಕಾರಿ ಕೋಚ್ ಹುದ್ದೆ ಸಿಗುತ್ತದೆ ಅಂದುಕೊಳ್ಳಬೇಡಿ. ಅಂಥ ಹುದ್ದೆಗಳಿಗೆ ಸಾಮಾನ್ಯವಾಗಿ ಡಿಪ್ಲೊಮಾ ಕೇಳುತ್ತಾರೆ, ವಯಸ್ಸಿನ ಮಿತಿಯೂ ಇರುತ್ತದೆ. ಪಿ.ಟಿ. ಮೇಷ್ಟ್ರಾಗುವ ಆಸೆ ಇದ್ದರೆ ದಾರಿ ಬೇರೆ, ಎರಡು ವರ್ಷದ ಬಿ.ಪಿ.ಇಡಿ. ದುಡ್ಡು ಕಟ್ಟುವ ಮೊದಲು ಆ ವರ್ಷದ ನೇಮಕಾತಿ ಪ್ರಕಟಣೆ ತೆಗೆದು ನಿಮ್ಮ ವಯಸ್ಸು ಕೂಡುತ್ತದೆಯೇ ನೋಡಿ. ಭಾರತೀಯ ಅಥ್ಲೆಟಿಕ್ಸ್ ಫೆಡರೇಷನ್ ನಡೆಸುವ ಶುರುವಿನ ಹಂತದ ಕೋರ್ಸುಗಳೂ ಇವೆ. ಇವೆಲ್ಲಕ್ಕಿಂತ ಮೊದಲು, ಹಾಸನದ ಜಿಲ್ಲಾ ಕ್ರೀಡಾಂಗಣದಲ್ಲಿ ಕಲಿಸುವ ಹಿರಿಯರ ಹತ್ತಿರ ಭಾನುವಾರ ಹೋಗಿ ನಿಂತು ನೋಡಿ. ಹರ್ಡಲ್ಸ್ ಎತ್ತಿಡಿ, ಟೈಮ್ ಬರೆದುಕೊಡಿ. ಕಲಿಯುವುದಕ್ಕೆ ಅದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ನೀವು ಕೇಳದೇ ಇದ್ದರೂ ಒಂದು ವಿಷಯ ಹೇಳಲೇಬೇಕು. ನೀವು 14 ಮಕ್ಕಳ ಜೊತೆ ಬೆಳಿಗ್ಗೆ ಕತ್ತಲಲ್ಲೇ ಇರುತ್ತೀರಿ, ಯಾವ ಕಾಗದವೂ ಇಲ್ಲದೆ. ಮುಖ್ಯ ಶಿಕ್ಷಕರಿಂದ ಮೈದಾನ ಬಳಸಲು ಬರಹದಲ್ಲಿ ಅನುಮತಿ ತಗೊಳ್ಳಿ. ಪ್ರತಿ ಮಗುವಿನ ಅಪ್ಪ ಅಥವಾ ಅಮ್ಮನ ಸಹಿ ಇರಲಿ. ಹೆಣ್ಣುಮಕ್ಕಳಿರುವ ಗುಂಪಿನಲ್ಲಿ ಒಬ್ಬರು ತಾಯಿಯೋ ಟೀಚರೋ ದಿನಾ ಮೈದಾನದಲ್ಲಿ ಇರುವಂತೆ ನೋಡಿಕೊಳ್ಳಿ. ಯಾವ ಮಗುವನ್ನೂ ಒಂಟಿಯಾಗಿ ಬೈಕಿನಲ್ಲಿ ಕೂಟಕ್ಕೆ ಕರೆದೊಯ್ಯಬೇಡಿ. ಮಸಾಜ್ ನೀವು ಮಾಡಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಲ್ಲಿ ಏನಿದೆ ಎಂದು ಒಮ್ಮೆ ಓದಿಕೊಳ್ಳಿ. ಇದು ನಿಮ್ಮ ಮೇಲೆ ಅನುಮಾನದಿಂದ ಹೇಳುತ್ತಿರುವುದಲ್ಲ. ನಾಳೆ ಇನ್ನೊಬ್ಬ ಕೋಚ್ ಬಂದಾಗಲೂ ಆ ಮಕ್ಕಳಿಗೆ ಹೀಗೇ ಇರಬೇಕು ಅನ್ನುವುದು ಗೊತ್ತಿರುತ್ತದೆ.

ಕೊನೆಗೆ ಆ 13ರ ಹುಡುಗಿ. ಇದನ್ನು ಕೊನೆಗೆ ಬರೆದಿದ್ದೇನೆ, ಆದರೆ ನೀವು ನಾಳೆಯೇ ಮಾಡಬೇಕಾದದ್ದು ಇದು. ಅವಳಿಗೆ ಪ್ರಾಕ್ಟೀಸ್ ಜಾಸ್ತಿ ಮಾಡಿಸಬೇಡಿ. ಚೆನ್ನಾಗಿ ಓಡುತ್ತಿದ್ದ ಹುಡುಗಿ ಈ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಸುಸ್ತಾಗತೊಡಗಿದರೆ ನಾನು ಮೊದಲು ಯೋಚಿಸುವುದು ರಕ್ತಹೀನತೆ. ಬೆಳವಣಿಗೆ, ಮುಟ್ಟು ಶುರುವಾಗುವುದು, ಮೇಲೆ ಓಟ, ಮೂರೂ ಒಟ್ಟಿಗೆ ಕಬ್ಬಿಣದ ಅಂಶ ಕೇಳುತ್ತವೆ. ಅವಳ ಅಮ್ಮನ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲಿ. ಈ ವಯಸ್ಸಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಮುಂದಿನ ಔಷಧಿ ಡಾಕ್ಟರ್ ಹೇಳುತ್ತಾರೆ. ಮುಟ್ಟಿನ ವಿಷಯ ನೀವು ಕೇಳಬೇಡಿ, ಅಮ್ಮನೋ ಟೀಚರೋ ಕೇಳಲಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ಅವಳು ನುಂಗುತ್ತಾಳೋ, ಕಿಟಕಿಯಾಚೆ ಎಸೆಯುತ್ತಾಳೋ ಅದನ್ನೂ ವಿಚಾರಿಸಿ. ತುಂಬ ಮಕ್ಕಳು ಎಸೆಯುತ್ತಾರೆ.

ಊಟದ ಬಗ್ಗೆ ನಮ್ಮ ಕಾಫಿ ಸೀಮೆಯ ಒಂದು ಮಾತು. ಬೆಳಿಗ್ಗೆ ಬರೀ ಕಾಫಿ ಕುಡಿದು ಓಡಲು ಬರುವ ಮಕ್ಕಳು ನನ್ನ ಮೈದಾನದಲ್ಲೂ ಇದ್ದಾರೆ. ಊಟದ ಜೊತೆ ಕಾಫಿ, ಟೀ ಕುಡಿದರೆ ಊಟದಲ್ಲಿನ ಕಬ್ಬಿಣ ಮೈಗೆ ಸರಿಯಾಗಿ ಸೇರುವುದಿಲ್ಲ. ಊಟಕ್ಕೂ ಕಾಫಿಗೂ ಒಂದು ಗಂಟೆಯಾದರೂ ಅಂತರ ಇರಲಿ. ಮುದ್ದೆಯಲ್ಲಿ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಚೆನ್ನಾಗಿದೆ. ಜೊತೆಗೆ ಹುರುಳಿ ಸಾರು, ಸೊಪ್ಪು, ಮೇಲೆ ಒಂದಿಷ್ಟು ನಿಂಬೆರಸ. ಮೊಟ್ಟೆ ತಿನ್ನುವ ಮನೆಯಾದರೆ ಮೊಟ್ಟೆ. ಬೆಳಿಗ್ಗೆ ಓಡುವ ಮೊದಲು ಒಂದು ಬಾಳೆಹಣ್ಣು, ಮುಗಿದ ಮೇಲೆ ಹುರಿದ ಕಡಲೆಕಾಯಿ, ಬೆಲ್ಲ. ಡಾಕ್ಟರ್ 'ಸರಿ' ಅನ್ನುವ ತನಕ ಅವಳು ಮೈದಾನಕ್ಕೆ ಬರಲಿ, ಓಡುವುದು ಬೇಡ. ನಿಮ್ಮ ಪಕ್ಕ ನಿಂತು ಸುತ್ತಿನ ಟೈಮ್ ಬರೆದುಕೊಡಲಿ. ನಿಮಗೂ ಈಗ ಬರೆಯುವವರು ಒಬ್ಬರು ಬೇಕಲ್ವಾ?

ನಿಮ್ಮ ಎಂಆರ್‌ಐ ಮತ್ತು ಅವಳ ಹಿಮೋಗ್ಲೋಬಿನ್ ಎರಡೂ ಬಂದ ಮೇಲೆ ಮತ್ತೆ ಬರೆಯಿರಿ. ಅಲ್ಲಿಂದ ಮುಂದೆ ಆ 17ರ ಹುಡುಗನಿಗೆ ಮಳೆಗಾಲದ ಮೂರು ತಿಂಗಳ ಶೆಡ್ಯೂಲ್ ಹೇಗೆ ಹಾಕಬೇಕೆಂದು ಕೂತು ನೋಡೋಣ. ಅವನ ಎತ್ತರ, ತೂಕ, ಮನೆಯಲ್ಲಿ ಏನು ಕೆಲಸ ಮಾಡುತ್ತಾನೆ ಅನ್ನುವುದನ್ನೂ ಪತ್ರದಲ್ಲಿ ಸೇರಿಸಿ.